ಅಡಿಗೆಮನೆಯ ಗೋಡೆ ತೆಗೆಯುವ ಮುನ್ನ

ಮುಂಬಯಿಯಲ್ಲಿ ಅಡಿಗೆಮನೆಯ ಗೋಡೆ ತೆಗೆದು ಜಾಗ ಹಿಗ್ಗಿಸಿಕೊಳ್ಳಲು ನಮ್ಮಲ್ಲಿ ಅನೇಕರು ಬಯಸುತ್ತೇವೆ. ಗೋಡೆ ಭಾರ ಹೊತ್ತಿಲ್ಲವೆಂದು ಇಂಜಿನಿಯರರು ಹೇಳಿ, ಸೊಸಾಯಿಟಿಯೂ ಮಹಾನಗರಪಾಲಿಕೆಯೂ ಒಪ್ಪಿದ ಮೇಲೂ ಸುತ್ತಿಗೆಗೆ ಅವಸರ ಬೇಡ. ಗೋಡೆಯೊಳಗೆ ಹುದುಗಿರುವ ತಂತಿ, ಕೊಳವೆಗಳ ಹೊಸ ದಾರಿಯನ್ನು ಮೊದಲು ಕಾಗದದ ಮೇಲೆ ಗುರುತಿಸೋಣ.

ತಂತಿಯನ್ನು ಛಾವಣಿಯ ಬದಿಯಿಂದ ಒಯ್ಯಬಹುದು. ನಲ್ಲಿಯ ನೀರು ಒತ್ತಡದಿಂದ ಏರೀತು. ಪಾತ್ರೆ ತೊಳೆದ ನೀರು ಮಾತ್ರ ಇಳಿದೇ ಹೋಗಬೇಕು. ಅದಕ್ಕೆ ಮೀಟರಿಗೆ ಸುಮಾರು 2 ಸೆಂಟಿಮೀಟರು ಇಳಿಜಾರು ಬೇಕು. ಸಿಂಕನ್ನು 3 ಮೀಟರು ದೂರ ಸರಿಸಿದರೆ, ಕೊಳವೆಯ ದಪ್ಪವಲ್ಲದೆ 6 ಸೆಂಟಿಮೀಟರು ಆಳ ಬೇಕಾಗುತ್ತದೆ. ಮಹಡಿಯ ಮನೆಯಲ್ಲಿ ಅದು ಸಿಗುವುದು ಕಷ್ಟ. ಸೋರಿದರೆ ಕೆಳಮನೆಯವರಿಗೆ ತೊಂದರೆ. ಆದುದರಿಂದ ಸಿಂಕಿನ ಸ್ಥಳವನ್ನು ಮೊದಲು ಗೊತ್ತುಮಾಡಿ, ಉಳಿದುದನ್ನು ಅದಕ್ಕೆ ಹೊಂದಿಸೋಣ.

ಗ್ಯಾಸಿನ ಕೊಳವೆಯನ್ನು ಕಂಪೆನಿಯವರಿಂದಲೇ ಸರಿಸಿಸತಕ್ಕದ್ದು. ಗೋಡೆ ಕೆಡಹುವ ದಿನ ಮೈನ್ ಸ್ವಿಚ್ಚು ಆರಿಸಿರಲಿ, ನೀರಿನ ವಾಲ್ವು ಮುಚ್ಚಿರಲಿ.