ಮೀನಿನ ತೊಟ್ಟಿಯೊಳಗೇ ನೀರುಶೋಧಕವನ್ನು ಕಟ್ಟುವ ಕ್ರಮ

ಅಥಣಿಯ ಪೂರ್ವಭಾಗದಂತಹ ನೀರಿನ ಅಭಾವವುಳ್ಳ ಸ್ಥಳಗಳಲ್ಲಿ ಜನರು ನೀರನ್ನು ಹಲವು ದಿನ ಕೂಡಿಟ್ಟುಕೊಳ್ಳುವುದು ಅನಿವಾರ್ಯವಾಗಿದೆ. ಮುಚ್ಚದ ಪೀಪಾಯಿ ಮತ್ತು ತೊಟ್ಟಿಗಳಲ್ಲಿ ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯು ಮೊಟ್ಟೆಯಿಡುತ್ತದೆ. ಅದರ ಮರಿಹುಳುಗಳನ್ನು ಗಪ್ಪಿ ಎಂಬ ಚಿಕ್ಕ ಮೀನು ತಿನ್ನುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಗ್ರಾಮಪ್ರಮುಖರೂ ಜಮೀನುದಾರರೂ ಈ ಮೀನನ್ನು ಬೆಳೆಸಿ ಊರಿಗೆ ಒದಗಿಸಬಹುದು. ಆದರೆ ಹೊಸ ತೊಟ್ಟಿಯಲ್ಲಿ ಬಿಟ್ಟ ಮೀನುಗಳು ಎರಡು ಮೂರು ವಾರಗಳೊಳಗೆ ಸಾಯುವುದುಂಟು. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಇದರ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ವಿವರಿಸಲಾಗುವುದು.

ಕಾರಣ: ಮೀನಿನ ವಿಸರ್ಜನೆಯಿಂದಲೂ ಮಿಕ್ಕ ಆಹಾರದ ಕೊಳೆಯುವಿಕೆಯಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಜೀವಾಣುಗಳು ಅದನ್ನು ನೈಟ್ರೈಟಾಗಿಯೂ, ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನೈಟ್ರೈಟು ಸಹ ವಿಷವೇ. ನೈಟ್ರೇಟು ಅಷ್ಟು ಅಪಾಯಕರವಲ್ಲ. ಹೊಲಕ್ಕೆ ಹಾಕಿದ ಗೊಬ್ಬರವು ಪೈರಿಗೆ ದಕ್ಕುವಂತಾಗುವುದೂ ಇದೇ ಕ್ರಿಯೆಯಿಂದ. ಇದನ್ನು ನಡೆಸುವ ಜೀವಾಣುಗಳನ್ನು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿಯವರು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ಆದುದರಿಂದ ಶೋಧಕವೆಂದರೆ ಕಸವನ್ನು ಸೋಸುವ ಜರಡಿ ಮಾತ್ರವಲ್ಲ. ಅದು ಈ ಜೀವಾಣುಗಳು ನೆಲೆಸುವ ಮನೆ.

ರಚನೆ: ಒಳ ಅಳತೆಯಲ್ಲಿ 6 ಅಡಿ ಉದ್ದ, 3 ಅಡಿ ಅಗಲ, 2½ ಅಡಿ ಎತ್ತರದ ಇಟ್ಟಿಗೆ-ಸಿಮೆಂಟಿನ ತೊಟ್ಟಿಯನ್ನು ನೆರಳಿನಲ್ಲಿ ಕಟ್ಟತಕ್ಕದ್ದು. ಮೀನಿಗೆ 4 ಅಡಿ ಉದ್ದವನ್ನು ಬಿಟ್ಟು, ಉಳಿದ 2 ಅಡಿಯನ್ನು ಒಂದು ಅಂಗುಲ ದಪ್ಪದ ಮೂರು ಕಲ್ಲುಚಪ್ಪಡಿಗಳಿಂದ ಮೂರು ಕೋಣೆಗಳಾಗಿ ವಿಭಾಗಿಸಬೇಕು. ಮೀನಿನ ಕಡೆಯಿಂದ ಇವುಗಳ ಅಗಲವು ಕ್ರಮವಾಗಿ 5, 10 ಮತ್ತು 6 ಅಂಗುಲಗಳಿರಲಿ.

ಮೊದಲನೆಯ ಚಪ್ಪಡಿಯು ತಳದಿಂದ 24 ಅಂಗುಲ ಎತ್ತರವಿರಲಿ. ನೀರು ಇದರ ಮೇಲಿಂದ ಹರಿದು ಮೊದಲ ಕೋಣೆಗೆ ಇಳಿಯುತ್ತದೆ. ಅಲ್ಲಿ ಗಸಿ ತಂಗುತ್ತದೆ. ಮೀನು ಜಾರದಂತೆ ಅಂಚಿನ ಮೇಲೆ ಸಣ್ಣ ಕಣ್ಣಿನ ಜಾಳಿಗೆಯನ್ನು ಕೂಡ್ರಿಸಬೇಕು. ಎರಡನೆಯ ಚಪ್ಪಡಿಯು ನೀರಿನ ಮಟ್ಟಕ್ಕಿಂತ ಎತ್ತರವಿದ್ದು, ಕೆಳಗೆ 3 ಅಂಗುಲ ಸಂದು ಬಿಟ್ಟಿರಬೇಕು. ಈ ಸಂದಿನಿಂದ ನೀರು ನಡುಗೋಣೆಯನ್ನು ಹೊಕ್ಕು ಮೇಲಕ್ಕೇರುತ್ತದೆ. ನಡುಗೋಣೆಯಲ್ಲಿ ತಳದಿಂದ 4 ಅಂಗುಲ ಮೇಲೆ ರಂಧ್ರವುಳ್ಳ ಹಲಗೆಗಲ್ಲನ್ನಿಟ್ಟು, ಅದರ ಮೇಲೆ ಮೊದಲು ದಪ್ಪ, ಬಳಿಕ ಸಣ್ಣ ಕರಿಕಲ್ಲಿನ ಖಡಿಯನ್ನು ತೊಳೆದು ತುಂಬಬೇಕು. ಸುಣ್ಣದ ಹರಳು ಬೇಡ. ಮೂರನೆಯ ಚಪ್ಪಡಿಯು 22 ಅಂಗುಲವಿರಲಿ. ಖಡಿಯು ಅದಕ್ಕಿಂತ 2 ಅಂಗುಲ ಕೆಳಗೆ ನಿಲ್ಲಲಿ. ಕೊನೆಯ ಕೋಣೆಯಲ್ಲಿ ಗಂಟೆಗೆ ಸುಮಾರು 700 ಲೀಟರ್ ಎತ್ತುವ ಚಿಕ್ಕ ಪಂಪನ್ನಿಟ್ಟು, ನೀರನ್ನು ಮೀನಿನ ಭಾಗಕ್ಕೆ ಮರಳಿಸಬೇಕು. ಮೀನಿನ ಭಾಗದ ನೀರು ಇಷ್ಟೇ ಆಗಿರುವುದರಿಂದ ಗಂಟೆಗೊಮ್ಮೆ ಅಷ್ಟು ನೀರು ಶೋಧಕವನ್ನು ಹಾದುಹೋಗುತ್ತದೆ.

ಕೊಳವೆಯ ಬಾಯಿ ನೀರಿನ ಮೇಲೆಯೇ ಇರತಕ್ಕದ್ದು; ಇಲ್ಲವಾದರೆ ವಿದ್ಯುತ್ತು ನಿಂತಾಗ ನೀರು ಹಿಂದಕ್ಕೆ ಎಳೆಯಲ್ಪಡುವುದು. ಆವಿಯಾದ ನೀರಿನ ಕೊರತೆಯು ಪಂಪಿನ ಕೋಣೆಯಲ್ಲಿಯೇ ಮೊದಲು ಕಾಣುವುದರಿಂದ ಅದನ್ನು ದಿನಾಲು ನೋಡಿ ತುಂಬಬೇಕು. ತೊಟ್ಟಿಗೆ ಕೈಹಾಕುವ ಮುನ್ನ ಪಂಪಿನ ವಿದ್ಯುತ್ತನ್ನು ಕಡಿಯಲೇಬೇಕು.

ಪಾಲನೆ: ಹೊಸ ಸಿಮೆಂಟಿನ ಸುಣ್ಣದಂಶವು ಹೋಗಲು ತೊಟ್ಟಿಯನ್ನು ಎರಡು ಮೂರು ವಾರ ತುಂಬಿ, ಆಗಾಗ ಬರಿದುಮಾಡಬೇಕು. ಬಳಿಕ ಪಂಪು ನಡೆಸಿ, ಮೊದಲು 30 ಮೀನುಗಳನ್ನಷ್ಟೇ ಬಿಡತಕ್ಕದ್ದು. ಜೀವಾಣುಗಳು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಆಹಾರವು ಅತ್ಯಲ್ಪವಾಗಿರಲಿ. ಖಡಿಯನ್ನು ಒಣಗಿಸಬಾರದು, ಕ್ಲೋರಿನ್ ಬೆರೆತ ನಳದ ನೀರಿನಿಂದ ತೊಳೆಯಲೂ ಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅಲುಬಬೇಕು. ವಾರಕ್ಕೊಮ್ಮೆ ನೀರಿನ ಐದನೆಯ ಒಂದು ಪಾಲನ್ನು ಬದಲಾಯಿಸಿ, ತೆಗೆದ ನೀರನ್ನು ಬಾಳೆಗೋ ಕಾಯಿಪಲ್ಲೆಗೋ ಹಾಯಿಸಿದರೆ ಅದರ ನೈಟ್ರೇಟು ಗೊಬ್ಬರವಾಗುವುದು. ಮಳೆಗಾಲದ ಹೊಳೆಯ ರಾಡಿನೀರನ್ನು ತಂಗಿಸದೆ ತುಂಬಬಾರದು.

ಕೊನೆಯದಾಗಿ ಒಂದು ಎಚ್ಚರಿಕೆ. ಗಪ್ಪಿಯೂ, 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದ ಗಂಬೂಸಿಯಾ ಮೀನೂ ಪರದೇಶದವು. ಇವನ್ನು ಮನೆಯ ತೊಟ್ಟಿಗಳಲ್ಲಿ ಮಾತ್ರ ಬಿಡತಕ್ಕದ್ದು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳಿಗೂ ಕೆರೆಹಳ್ಳಗಳಿಗೂ ಸೇರಿದರೆ ನಾಡಮೀನುಗಳ ಸಂತತಿಗೆ ಹಾನಿಯಾಗುವುದು.