ಬೀಳುವ ರಕ್ತವೆಲ್ಲ ಮೂಲವ್ಯಾಧಿಯಲ್ಲ

ಮಂಡ್ಯ ಸೀಮೆಯಲ್ಲಿ ಎರಡಕ್ಕೆ ಹೋದಾಗ ರಕ್ತ ಕಂಡರೆ ಜನ ಹೇಳುವ ಕಾರಣ ಎರಡೇ. ಒಂದು ಉಷ್ಣ, ಇನ್ನೊಂದು ಮೂಲವ್ಯಾಧಿ. ಉಷ್ಣಕ್ಕೆ ಎಳನೀರು, ಮಜ್ಜಿಗೆ, ನೆನೆಸಿದ ಮೆಂತ್ಯ. ಮೂಲವ್ಯಾಧಿಗೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಫೋನ್ ನಂಬರ್ ಸಮೇತ ಬರೆಸಿರುವ ‘ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ’. ಸಂತೆಬಾಚಹಳ್ಳಿ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರಿಗೆ ಇದು ಹೊಸ ವಿಷಯವಲ್ಲ. ಹತ್ತು ಜನರಿಗೆ ರಕ್ತ ಬಿದ್ದರೆ ಬಹುಪಾಲು ಮಂದಿಗೆ ಅದು ಮೂಲವ್ಯಾಧಿಯೋ ಗುದದ್ವಾರದ ಬಿರುಕೋ ಆಗಿರುತ್ತದೆ, ನಿಜ. ಉಳಿದವರ ಪೈಕಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದರೆ, ಎಳನೀರು ಕುಡಿದುಕೊಂಡು ಕಳೆದ ತಿಂಗಳುಗಳೇ ಅವರಿಗೆ ದುಬಾರಿಯಾಗುತ್ತವೆ.

‘ನಾವು ಮುದ್ದೆ ಉಣ್ಣೋರು, ನಮ್ಮ ಕರುಳಿಗೆ ಏನೂ ಆಗಲ್ಲ’ ಎಂಬ ಧೈರ್ಯವೂ ನಮಗಿದೆ. ಅದು ಪೂರ್ತಿ ಸುಳ್ಳಲ್ಲ. 2022ರಲ್ಲಿ ಜಗತ್ತಿನಾದ್ಯಂತ 19 ಲಕ್ಷಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಬಂತು. ಜನಸಂಖ್ಯೆಗೆ ಹೋಲಿಸಿದರೆ ಅಮೆರಿಕ, ಯುರೋಪಿಗಿಂತ ಭಾರತದಲ್ಲಿ ಇದು ಬಹಳ ಕಡಿಮೆ. ಆದರೆ ನಮ್ಮಲ್ಲಿ ಬಂದವರ ವಯಸ್ಸು ನೋಡಬೇಕು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 800 ರೋಗಿಗಳ ದಾಖಲೆ ತೆಗೆದು 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸರಾಸರಿ ವಯಸ್ಸು 47. ಅರ್ಧಕ್ಕಿಂತ ಹೆಚ್ಚು ಮಂದಿಯ ದೂರು ರಕ್ತ ಬೀಳುವುದೇ ಆಗಿತ್ತು. ಅಂದರೆ ಇದು ಮುದುಕರ ಕಾಯಿಲೆ ಎಂದು ಕೂರುವಂತಿಲ್ಲ.

ಮುದ್ದೆಗೂ ಕರುಳಿಗೂ ಇರುವ ಸಂಬಂಧ ಆಫ್ರಿಕಾದಿಂದ ಶುರುವಾದ ಕಥೆ. ಉಗಾಂಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್, ಅಲ್ಲಿನ ಹಳ್ಳಿಗರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಪರೂಪ ಎಂಬುದನ್ನು ಗಮನಿಸಿದರು. ನಾರಿನಂಶ ಹೆಚ್ಚಿರುವ ಊಟವೇ ಇದಕ್ಕೆ ಕಾರಣ ಎಂದು 1971ರಲ್ಲಿ ವಾದಿಸಿದರು. ಆ ಸೀಮೆಯವರೂ ರಾಗಿ ಉಣ್ಣುವವರೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ‘ರಾಗಿ ಲಕ್ಷ್ಮಣಯ್ಯ’ನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆಸೆದು ಇಂಡಾಫ್ ತಳಿಗಳನ್ನು ತಂದದ್ದನ್ನು ನೆನೆದರೆ, ಎರಡೂ ಕಡೆಯ ತಟ್ಟೆಗಳು ಅಷ್ಟು ದೂರವೇನಲ್ಲ.

ನಾರು ಮಾಡುವ ಕೆಲಸ ಹೀಗೆ. ಸಣ್ಣ ಕರುಳಿನಲ್ಲಿ ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಬ್ಯುಟಿರೇಟ್ ಎಂಬ ಪದಾರ್ಥ ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ನಾರು ಮಲವನ್ನು ದಪ್ಪ, ಮೆತ್ತಗೆ ಮಾಡಿ ಬೇಗ ಸಾಗಿಸುವುದರಿಂದ ಕೆಟ್ಟ ರಾಸಾಯನಿಕಗಳು ಕರುಳಿನ ಗೋಡೆಗೆ ತಾಗಿಕೊಂಡಿರುವ ಹೊತ್ತೂ ಕಡಿಮೆಯಾಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. 20 ಮಂದಿ ಆಫ್ರಿಕನ್ ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿ ಊಟ, 20 ಮಂದಿ ದಕ್ಷಿಣ ಆಫ್ರಿಕಾದ ಹಳ್ಳಿಗರಿಗೆ ಅಮೆರಿಕದ ಮಾಂಸ, ಕೊಬ್ಬಿನ ಊಟ. ಎರಡೇ ವಾರಕ್ಕೆ ಹಳ್ಳಿ ಊಟ ಉಂಡವರ ಕರುಳಿನ ಉರಿಯೂತ ಇಳಿದು ಬ್ಯುಟಿರೇಟ್ ಏರಿತು. ಇನ್ನೊಂದು ಗುಂಪಿನಲ್ಲಿ ಇದರ ಉಲ್ಟಾ.

ಹಾಗಂತ ನಾರು ಔಷಧಿಯಲ್ಲ. ಕರುಳಿನಲ್ಲಿ ಒಮ್ಮೆ ಪಾಲಿಪ್ ಎಂಬ ಗುಳ್ಳೆ ಬಂದು ತೆಗೆಸಿಕೊಂಡವರಿಗೆ ನಾರು ಹೆಚ್ಚಿಸಿ ನೋಡಿದ ಅಮೆರಿಕದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2000ದಲ್ಲಿ ಬಂತು. ಕೆಲವೇ ವರ್ಷಗಳ ಆ ಅವಧಿಯಲ್ಲಿ ಗುಳ್ಳೆಗಳು ಮತ್ತೆ ಬರುವುದೇನೂ ತಪ್ಪಲಿಲ್ಲ. 2003ರಲ್ಲಿ ಪ್ರಕಟವಾದ ಯುರೋಪಿನ ಹತ್ತು ದೇಶಗಳ ಐದು ಲಕ್ಷ ಜನರ ಅಧ್ಯಯನದಲ್ಲಿ ಮಾತ್ರ ಅತಿ ಹೆಚ್ಚು ನಾರು ಉಣ್ಣುವವರಿಗೆ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಕಾಲು ಭಾಗ ಕಡಿಮೆ ಕಂಡಿತು. ಎರಡನ್ನೂ ಸೇರಿಸಿ ನೋಡಿದರೆ ನನಗೆ ಕಾಣುವುದಿಷ್ಟು: ಊಟ ಕಾಯುವುದು ಹತ್ತಾರು ವರ್ಷಗಳ ಅಭ್ಯಾಸದಿಂದ, ಅದೂ ಪೂರ್ತಿಯಾಗಿ ಅಲ್ಲ. ರಕ್ತ ಕಂಡಮೇಲೆ ಮುದ್ದೆ ಜಾಸ್ತಿ ಮಾಡಿ ಉಪಯೋಗವಿಲ್ಲ.

ಲೆಕ್ಕ ಹೇಳುವುದಾದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ದಿನಕ್ಕೆ 25 ಗ್ರಾಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿದರೂ ಎರಡು ಮುದ್ದೆ, ಸೊಪ್ಪು-ಕಾಳಿನ ಬಸ್ಸಾರು, ಅದರ ಪಲ್ಯ ಸೇರಿದರೆ ಅದು ದಾಟುತ್ತದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ಸಂಜೆ ಬೇಕರಿ, ರಾತ್ರಿ ಮಾತ್ರ ಒಂದು ಸಣ್ಣ ಮುದ್ದೆ ಎಂದರೆ ದಾಟುವುದಿಲ್ಲ. ಹಿಟ್ಟನ್ನು ವಂದರಿ ಹಿಡಿದು ತೌಡು ಚೆಲ್ಲಿದರೆ ನಾರೂ ಅದರ ಜೊತೆಗೇ ಹೋಗುತ್ತದೆ.

ಬಾಡೂಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಪ್ಪು ಹಾಕಿ, ಹೊಗೆಯಾಡಿಸಿ ಕೆಡದಂತೆ ಮಾಡಿದ ಮಾಂಸ ಕ್ಯಾನ್ಸರ್‌ಕಾರಕ ಎಂದೂ, ಕುರಿ, ಮೇಕೆ, ಹಂದಿ, ದನದ ಕೆಂಪು ಮಾಂಸ ‘ಬಹುಶಃ’ ಕ್ಯಾನ್ಸರ್‌ಕಾರಕ ಎಂದೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2015ರಲ್ಲಿ ಹೇಳಿತು. ಸಾಸೇಜ್, ಸಲಾಮಿ ಮೊದಲ ಗುಂಪಿನವು. ಉಪ್ಪು ಸವರಿ ಒಣಗಿಸುವ ಬಾಡೂ ಅಲ್ಲಿಗೇ ಸೇರುತ್ತದೆ. ಅಂಥದ್ದನ್ನು ದಿನವೂ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಹೆಚ್ಚುತ್ತದೆ. ಮೊದಲೇ ಚಿಕ್ಕದಾಗಿರುವ ಅಪಾಯದ ಮೇಲೆ ಶೇ. 18 ಎಂಬುದನ್ನು ಮರೆಯಬಾರದು. ಭಾನುವಾರದ ಮಟನ್ ಸಾರು, ವರ್ಷಕ್ಕೆ ನಾಲ್ಕು ಬೀಗರೂಟ ಹೆದರಬೇಕಾದ ಪ್ರಮಾಣವಲ್ಲ. ನಾಟಿ ಕೋಳಿ, ಮೀನಿನ ಮೇಲೆ ಈ ಆರೋಪವೇ ಇಲ್ಲ.

ಊರಿನಲ್ಲಿ ಮಾಂಸಕ್ಕಿಂತ ದೊಡ್ಡ ಆರೋಪಿ ‘ನೈಂಟಿ’. 90 ಎಂ.ಎಲ್. ಟೆಟ್ರಾ ಪ್ಯಾಕಿನಲ್ಲಿ ಶೇ. 42.8ರ ಲೆಕ್ಕಕ್ಕೆ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ದಿನಕ್ಕೆ 30 ಗ್ರಾಂ ದಾಟಿದರೆ ಕರುಳಿನ ಕ್ಯಾನ್ಸರ್ ಅಪಾಯ ಏರುವುದಕ್ಕೆ ಗಟ್ಟಿ ಪುರಾವೆಯಿದೆ. ಕ್ವಾರ್ಟರ್ ಎಂದರೆ ಅದರ ಎರಡರಷ್ಟು. ಬೀಡಿ, ಸಿಗರೇಟು, ಬೊಜ್ಜು, ಕೂತೇ ಇರುವುದು ಇದರ ಜೊತೆಗಾರರು.

ಈಗ ಮುಖ್ಯ ವಿಷಯ. ಕರುಳಿನ ಕ್ಯಾನ್ಸರ್ ದಿಢೀರನೆ ಬರುವುದಿಲ್ಲ. ಪಾಲಿಪ್ ಬೆಳೆದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಬೇಕು. ಅಷ್ಟರೊಳಗೆ ಸಿಕ್ಕಿದರೆ, ಗುದದ್ವಾರದಿಂದ ಕ್ಯಾಮೆರಾ ಇಳಿಸಿ ಕರುಳು ನೋಡುವ ಕೊಲೊನೋಸ್ಕೋಪಿ ಕೊಳವೆಯ ತುದಿಯ ತಂತಿ ಕುಣಿಕೆಯಿಂದಲೇ ಕತ್ತರಿಸಿ ತೆಗೆಯಬಹುದು. ಆದರೆ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಇವೆ, ಕರುಳಿನದು ಇಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಇದನ್ನು ಕೇಳುವುದಿಲ್ಲ. ನಾವೇ ಬಾಯಿ ಬಿಡಬೇಕು.

ಗಮನಿಸಬೇಕಾದ ಲಕ್ಷಣಗಳು ಇವು. ಮಲದೊಳಗೆ ಬೆರೆತ ರಕ್ತ, ಲೋಳೆ. ಹೋಗಿ ಬಂದಮೇಲೂ ‘ಇನ್ನೂ ಇದೆ’ ಅನ್ನಿಸುವುದು. ಒಂದು ವಾರ ಬಿಗಿ, ಒಂದು ವಾರ ಭೇದಿ. ಮಲ ಸಣ್ಣ ಎಳೆಯಾಗಿ ಬರುವುದು. ಕಾರಣವಿಲ್ಲದೆ ತೂಕ ಇಳಿಯುವುದು. ಕ್ಯಾನ್ಸರ್ ಬಲಗಡೆಯ ಕರುಳಿನಲ್ಲಿದ್ದರೆ ರಕ್ತ ಕಣ್ಣಿಗೇ ಬೀಳದೆ ಬರೀ ಸುಸ್ತು, ಏದುಸಿರು ಇರಬಹುದು. ಐವತ್ತು ದಾಟಿದ ಗಂಡಸಿಗೆ ರಕ್ತ ಕಡಿಮೆ ಎಂದು ಬಂದರೆ ಟಾನಿಕ್ ಬರೆದು ಕಳಿಸುವುದು ಸಾಲದು, ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದು ಬಂದಿದ್ದರೆ ಏನೂ ತೊಂದರೆ ಇಲ್ಲದಿದ್ದರೂ 40ಕ್ಕೇ ಪರೀಕ್ಷೆ ಮಾಡಿಸಬೇಕು.

ಮೊದಲ ಪರೀಕ್ಷೆಗೆ ಯಂತ್ರವೇ ಬೇಡ. ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಗುದನಾಳ ಮುಟ್ಟಿ ನೋಡುತ್ತಾರೆ. ಒಂದು ನಿಮಿಷದ ಕೆಲಸ, ಗುದನಾಳದ ಗಂಟುಗಳಲ್ಲಿ ಅನೇಕವು ಇಷ್ಟಕ್ಕೇ ಸಿಗುತ್ತವೆ. ನಾಚಿಕೆಯಿಂದ ರೋಗಿ ಬೇಡ ಎನ್ನುತ್ತಾನೆ, ಗಡಿಬಿಡಿಯಲ್ಲಿ ವೈದ್ಯರೂ ಬಿಟ್ಟುಬಿಡುತ್ತಾರೆ. ಬೆರಳು ಹಾಕಿ ನೋಡದೆ ‘ಇದು ಮೂಲವ್ಯಾಧಿ’ ಎಂದವರ ಮಾತನ್ನು ನಂಬಬೇಡಿ, ಬೋರ್ಡು ಎಷ್ಟೇ ದೊಡ್ಡದಿರಲಿ.

ಅನುಮಾನವಿದ್ದರೆ ಕೊಲೊನೋಸ್ಕೋಪಿ. ಅದಕ್ಕೆ ಎರಡು ಮೂರು ದಿನ ಮೊದಲು ಮುದ್ದೆ, ಸೊಪ್ಪು, ಕಾಳು, ಬೀಜದ ಹಣ್ಣು ನಿಲ್ಲಿಸಬೇಕು. ಇಷ್ಟು ಹೊತ್ತು ಹೊಗಳಿದ ನಾರು ಇಲ್ಲಿ ಅಡ್ಡಿ. ಮೆತ್ತಗಿನ ಅನ್ನ, ತಿಳಿ ಸಾರು, ಆಮೇಲೆ ಎಳನೀರಿನಂಥ ದ್ರವ ಮಾತ್ರ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ, ಸಕ್ಕರೆ ಕಾಯಿಲೆ ಅಥವಾ ರಕ್ತ ತೆಳುವಾಗಿಸುವ ಔಷಧಿ ಇದ್ದರೆ ಮೊದಲೇ ಹೇಳಿ. ಹಿಂದಿನ ಸಂಜೆಯಿಂದ ಪುಡಿ ಬೆರೆಸಿದ ನೀರನ್ನು ಲೀಟರುಗಟ್ಟಲೆ ಕುಡಿಯಬೇಕು. ನಿಜವಾದ ಕಷ್ಟ ಅದೇ; ಪರೀಕ್ಷೆ ಮಂಪರಿನಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಕ್ಯಾನ್ಸರ್ ಎಂದೇ ಬಂದರೂ ಕರುಳಿನಲ್ಲೇ ಇರುವಾಗ ಸಿಕ್ಕಿದರೆ ಹತ್ತರಲ್ಲಿ ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ ಎನ್ನುತ್ತವೆ ಅಮೆರಿಕದ ಅಂಕಿಅಂಶಗಳು. ದೂರದ ಅಂಗಗಳಿಗೆ ಹರಡಿದಮೇಲೆ ಅದು ಏಳರಲ್ಲಿ ಒಬ್ಬರಿಗೆ ಇಳಿಯುತ್ತದೆ. ಗುದನಾಳದ್ದಾದರೆ ಹಲವರಿಗೆ ಮೊದಲು ರೇಡಿಯೇಷನ್, ಕೀಮೋ, ನಂತರ ಶಸ್ತ್ರಚಿಕಿತ್ಸೆ. ಹೊಟ್ಟೆಗೆ ಮಲ ಸಂಗ್ರಹಿಸುವ ಚೀಲ ಹಾಕುತ್ತಾರೆ ಎಂಬ ಭಯಕ್ಕೇ ಓಡಿಹೋಗುವವರುಂಟು. ಅನೇಕರಿಗೆ ಅದು ಕೆಲವು ತಿಂಗಳ ಮಟ್ಟಿಗೆ. ಕಾಯಂ ಇರುವವರೂ ಗದ್ದೆ ಕೆಲಸ, ಮದುವೆ ಮನೆ ಎಲ್ಲಕ್ಕೂ ಹೋಗಬಹುದು. 2025ರಲ್ಲಿ ಪ್ರಕಟವಾದ 889 ರೋಗಿಗಳ ಪ್ರಯೋಗವೊಂದರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋ ಮುಗಿಸಿ ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷದ ನಂತರ ಶೇ. 90ರಷ್ಟು ಮಂದಿ ಬದುಕಿದ್ದರು, ಬರೀ ತಿಳಿವಳಿಕೆ ಪಡೆದವರಲ್ಲಿ ಶೇ. 83.

ಖರ್ಚಿನ ಬಗ್ಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ‘ರಕ್ತ ಬೀಳ್ತಾ ಇದೆ, ಬೆರಳು ಹಾಕಿ ನೋಡಿ’ ಎಂದು ನೀವೇ ಕೇಳಿ. ಮಂಡ್ಯದ ಮಿಮ್ಸ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಎಲ್ಲಿಗೆ ಹೋಗಬೇಕಾದರೂ ಅಲ್ಲಿಂದಲೇ ರೆಫರಲ್ ಚೀಟಿ ಬರೆಸಿಕೊಳ್ಳಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.