'ಸರ್ವರ್ ಡೌನ್ ಅದರಿ, ನಾಳಿ ಬರ್ರಿ': ನಮ್ಮ ಪುರಸಭೆ ದಾಖಲೆ ನಿಜಕ್ಕೂ ಎಲ್ಲಿ ಇರ್ತಾವ?

ಆಳಂದ/ಅಫಜಲಪುರ/ಜೇವರ್ಗಿ: ಖಾತಾ ನಕಲಿಗೋ, ಮಗುವಿನ ಜನನ ಪ್ರಮಾಣಪತ್ರಕ್ಕೋ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಕೌಂಟರಿನಲ್ಲಿ ಸಿಗುವ ಉತ್ತರ ಎಲ್ಲರಿಗೂ ಬಾಯಿಪಾಠ. 'ಸರ್ವರ್ ಡೌನ್ ಅದರಿ, ನಾಳಿ ಬರ್ರಿ.' ಈ ಸರ್ವರ್ ಎಲ್ಲಿ ಇದೆ, ಅದರೊಳಗೆ ನಮ್ಮ ಮನೆ ಕಾಗದ ಹೇಗೆ ಕೂತಿದೆ, ಅದು ಪೂರ್ತಿ ಕೆಟ್ಟರೆ ನಮ್ಮ ಗತಿ ಏನು ಅಂತ ಕೇಳಿದವರು ಕಡಿಮೆ.

ಮೊದಲು ಆ ಮಾತನ್ನೇ ಬಿಡಿಸಿ ನೋಡೋಣ. ಸರ್ವರ್ ಡೌನ್ ಅನ್ನೋದು ಜ್ವರ ಅಂದ ಹಾಗೆ. ಒಳಗಿನ ರೋಗ ಬೇರೆ ಬೇರೆ. ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಕೈಕೊಟ್ಟಿರಬಹುದು. ರಸ್ತೆ ಅಗೆಯುವ ಜೆಸಿಬಿ ಇಂಟರ್‌ನೆಟ್ ಕೇಬಲ್ ಕಡಿದಿರಬಹುದು. ಬೆಂಗಳೂರಿನಲ್ಲಿ ತಂತ್ರಾಂಶದ ಮೇಲೆ ಒಮ್ಮೆಲೇ ಭಾರ ಬಿದ್ದಿರಬಹುದು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಕುಂಟಿದ್ದು ನೆನಪಿರಬಹುದು. ನಕಲಿ ಖಾತೆಗಳಿಂದ ರಾಶಿ ರಾಶಿ ಕೋರಿಕೆ ಕಳಿಸಿ ವ್ಯವಸ್ಥೆಯನ್ನೇ ಉಸಿರುಗಟ್ಟಿಸಿದ್ದರು. ಈ ಮೂರರಲ್ಲೂ ದಾಖಲೆಗೆ ಏನೂ ಆಗಿರುವುದಿಲ್ಲ, ನಮಗೆ ತಲುಪುತ್ತಿಲ್ಲ ಅಷ್ಟೆ. ನಾಲ್ಕನೆಯದು ಮಾತ್ರ ನಿಜವಾದ ಆಪತ್ತು: ದಾಖಲೆ ಇಟ್ಟ ಡಿಸ್ಕೇ ಸತ್ತು, ಇನ್ನೊಂದು ಪ್ರತಿ ಎಲ್ಲೂ ಇಲ್ಲದಿರುವುದು.

ಕಪಾಟಿನಿಂದ ಬೆಂಗಳೂರಿಗೆ

ರೈತರಿಗೆ ಈ ಕಥೆ ಹಳೆಯದು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲಿ ಬಂತು. 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿ ಕೌಂಟರಿನಲ್ಲಿ ಪಹಣಿ ಸಿಗುತ್ತಿತ್ತು. ಆಗ ಒಂದೊಂದು ತಾಲೂಕಿನ ದಾಖಲೆ ಆ ತಾಲೂಕಿನ ಸರ್ವರಿನಲ್ಲೇ ಇರುತ್ತಿತ್ತು. ಸಿಬ್ಬಂದಿ ಪಾಸ್‌ವರ್ಡ್ ಬದಲು ಬೆರಳು ಒತ್ತಿ ಒಳಹೋಗಬೇಕಿತ್ತು, ತಿದ್ದಿದ್ದು ಯಾರು ಅಂತ ಗೊತ್ತಾಗಲಿ ಅಂತ. ಆಮೇಲೆ ಎಲ್ಲ ತಾಲೂಕುಗಳದ್ದೂ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು.

ಪುರಸಭೆಗಳೂ ಅದೇ ದಾರಿ ಹಿಡಿದಿವೆ. ಆಸ್ತಿ ಖಾತೆ ಇ-ಆಸ್ತಿಯಲ್ಲಿ, ಜನನ ಮರಣ ಇ-ಜನ್ಮದಲ್ಲಿ. ಹೀಗಾಗಿ ಪಟ್ಟಣದ ಡೇಟಾ ಸಂಗ್ರಹ ಮೇಲ್ದರ್ಜೆಗೆ ಏರಿಸೋದು ಅಂದ್ರೆ ಮುಖ್ಯಾಧಿಕಾರಿ ಕೋಣೆಗೆ ದೊಡ್ಡ ಕಂಪ್ಯೂಟರ್ ತರೋದು ಅಂತ ತಿಳಿಯಬೇಡಿ. ಎಸಿ ಕೆಟ್ಟ ಕೋಣೆಯಲ್ಲಿ, 42-43 ಡಿಗ್ರಿ ಬಿಸಿಲಿನ ಮೇ ತಿಂಗಳಲ್ಲಿ ಒಂದು ಸರ್ವರ್ ಬದುಕಿಸಿ ಇಡೋದಕ್ಕಿಂತ ದತ್ತಾಂಶ ಕೇಂದ್ರದಲ್ಲಿ ಇಡೋದು ವಾಸಿ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಅಲ್ಲಿಗೆ ಹೋಗೋದು ಇಲ್ಲಿನ ರಿಜಿಸ್ಟರಿನಲ್ಲಿ ಇದ್ದದ್ದೇ ತಾನೆ? ಹಳೆ ಆಸ್ತಿ ತೆರಿಗೆ ವಹಿ, ಕಟ್ಟಡ ಪರವಾನಗಿ ಕಡತ, ಸಭೆಯ ಠರಾವು, ನಳದ ಸಂಪರ್ಕದ ಪಟ್ಟಿ, ಲೇಔಟ್ ನಕಾಶೆ. ಇವು ಇನ್ನೂ ಕೆಂಪು ಬಟ್ಟೆಯ ಗಂಟಿನಲ್ಲಿ ಇದ್ದರೆ, ಗೆದ್ದಲು ಒಂದು ಕಡೆ, ಮಳೆ ಸೋರುವ ಚಾವಣಿ ಇನ್ನೊಂದು ಕಡೆ. ಈಗ ಇ-ಖಾತಾ ಇಲ್ಲದೆ ಆಸ್ತಿ ನೋಂದಣಿ ಆಗೋದಿಲ್ಲ. ನಿಮ್ಮದು ಎ-ಖಾತಾನೋ ಬಿ-ಖಾತಾನೋ ಅನ್ನೋದು ಈ ಹಳೆ ಕಾಗದದ ಮೇಲೇ ನಿಂತಿರುತ್ತದೆ. ಅದೇ ರೀತಿ, 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿ ಕಾನೂನಿನ ಪ್ರಕಾರ, ಆ ದಿನ ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಜನ್ಮದಿನದ ಸಾಕ್ಷಿ ಜನನ ಪ್ರಮಾಣಪತ್ರವೇ. ಆ ಒಂದು ದಾಖಲೆ ಕಳೆದರೆ ಮಗುವಿನ ಎಲ್ಲ ಕಾಗದವೂ ಅಡ್ಡಬೀಳುತ್ತದೆ.

ಸ್ಕ್ಯಾನ್ ಮಾಡಬಹುದು, ಹುಡುಕೋದು ಹ್ಯಾಂಗ?

2024ರಲ್ಲಿ ಕಂದಾಯ ಇಲಾಖೆ ಭೂ ಸುರಕ್ಷಾ ಹೆಸರಿನಲ್ಲಿ ತಾಲೂಕು ದಾಖಲೆ ಕೋಣೆಗಳ ಕಾಗದವನ್ನು ಸ್ಕ್ಯಾನ್ ಮಾಡೋದಕ್ಕೆ ಶುರು ಮಾಡಿತು. ಮೊದಲು ಜಿಲ್ಲೆಗೆ ಒಂದರಂತೆ 31 ತಾಲೂಕು, ಆಮೇಲೆ ಉಳಿದವು. ಒಳ್ಳೆ ಕೆಲಸ. ಪುರಸಭೆಗಳ ಕಡತಕ್ಕೂ ಇದೇ ಆಗಬೇಕು.

ಜಾಗದ ಚಿಂತೆ ಬೇಡ. ಒಂದು ಪುಟದ ಸ್ಕ್ಯಾನ್ ಸುಮಾರು 200 ಕೆಬಿ ಅಂತ ಹಿಡಿದರೆ 10 ಲಕ್ಷ ಪುಟಕ್ಕೆ 200 ಜಿಬಿ ಸಾಕು. ಅಂಗಿ ಜೇಬಿನಲ್ಲಿ ಹಿಡಿಸುವ ಡಿಸ್ಕ್. ಖರ್ಚು ಬೀಳೋದು ಆ ಪುಟ ಯಾವುದು ಅಂತ ಬರೆದು ಹೊಂದಿಸುವ ಕೆಲಸಕ್ಕೆ. ಸರ್ವೆ ನಂಬರು, ಹೆಸರು, ವರ್ಷ ಜೋಡಿಸದ ಸ್ಕ್ಯಾನ್ ಅಂದ್ರೆ ಗಂಟು ಬಿಚ್ಚಿ ಕಂಪ್ಯೂಟರಿನಲ್ಲಿ ಸುರಿದ ಹಾಗೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಗೋಜಲು ಇದೆ. ನಾವು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದವರು. ಹಳೆ ಕಡತ ಉರ್ದುವಿನಲ್ಲಿ ಇರುತ್ತದೆ, ಗಡಿ ಭಾಗದಲ್ಲಿ ಮೋಡಿ ಲಿಪಿಯೂ ಸಿಗುತ್ತದೆ. ಆಸ್ತಿ ಜಗಳ ಕೋರ್ಟಿಗೆ ಹೋದಾಗ ಖಾಸರಾ ಪಹಣಿ ಹುಡುಕೋದು ಯಾಕೆ ಅಂತ ವಕೀಲರನ್ನು ಕೇಳಿ. ವರ್ಷವೂ ಅಲ್ಲಿ ಫಸಲಿ ಲೆಕ್ಕ. ಫಸಲಿ 1358 ಅಂದ್ರೆ 1948-49. ಅದನ್ನು ಇದ್ದ ಹಾಗೆ 1358 ಅಂತ ಟೈಪ್ ಮಾಡಿದರೆ ನಿಮ್ಮ ಅಜ್ಜನ ಕಾಗದ ಬಹಮನಿ ಸುಲ್ತಾನರ ಕಾಲದ್ದಾಗುತ್ತದೆ. ನಗು ಬರುವ ಮಾತೇ, ಆದರೆ ಹುಡುಕುವಾಗ ಆ ಕಾಗದ ಸಿಗೋದಿಲ್ಲ. ಉರ್ದು ಶಿಕಸ್ತಾ ಬರಹ ಓದಬಲ್ಲ ಹಿರಿಯರು ಊರಲ್ಲಿ ವರ್ಷ ವರ್ಷ ಕಮ್ಮಿ ಆಗ್ತಿದ್ದಾರೆ. ಯಂತ್ರ ನಾಳೆನೂ ಕೊಳ್ಳಬಹುದು. ಅವರನ್ನು ಕೂರಿಸಿ ಈ ಕೆಲಸ ಮಾಡಿಸೋದು ಈಗಲೇ ಆಗಬೇಕು. ಟೆಂಡರಿನಲ್ಲಿ ಇದಕ್ಕೆ ಒಂದು ಸಾಲು ಇದೆಯಾ ಅಂತ ಸದಸ್ಯರು ನೋಡಬೇಕು.

ಬದಲಿಸುವ ಹೊತ್ತೇ ಗಂಡಾಂತರ

ಹಳೆಯದರಿಂದ ಹೊಸದಕ್ಕೆ ಸಾಗಿಸುವಾಗಲೇ ದಾಖಲೆ ಕಳೆಯೋದು ಹೆಚ್ಚು. ಅಮೆರಿಕದ ಡಲ್ಲಾಸ್ ನಗರಾಡಳಿತದಲ್ಲಿ 2021ರಲ್ಲಿ ಹಾಗೇ ಆಯ್ತು. ಕ್ಲೌಡ್‌ನಿಂದ ನಗರದ ಸ್ವಂತ ಸರ್ವರಿಗೆ ಕಡತ ಸಾಗಿಸುತ್ತಿದ್ದ ಒಬ್ಬ ನೌಕರನ ಕೈಯಲ್ಲಿ ಪೊಲೀಸ್ ಇಲಾಖೆಯ ಸಾಕ್ಷ್ಯಗಳು ಅಳಿಸಿಹೋದವು. 20 ಟೆರಾಬೈಟ್‌ಗೂ ಹೆಚ್ಚು. ನಿಮ್ಮ ಕೈಯಲ್ಲಿರೋದು 128 ಜಿಬಿ ಫೋನ್ ಆಗಿದ್ದರೆ ಒಂದು ಟೆರಾಬೈಟ್ ಅಂದ್ರೆ ಅಂಥ ಎಂಟು ಫೋನು. ಎಲ್ಲವೂ ವಾಪಸ್ ಸಿಗಲಿಲ್ಲ. ಕೊಲೆ ಪ್ರಕರಣವೊಂದರ ವಿಚಾರಣೆಯೇ ಮುಂದಕ್ಕೆ ಹೋಯಿತು.

ದಕ್ಷಿಣ ಕೊರಿಯಾದ್ದು ಇನ್ನೂ ದೊಡ್ಡದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. 600ಕ್ಕೂ ಹೆಚ್ಚು ಸೇವೆ ನಿಂತವು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹ ಸುಟ್ಟೇ ಹೋಯಿತು. 858 ಟೆರಾಬೈಟ್, ಬೇರೆ ಕಡೆ ಪ್ರತಿ ಇಲ್ಲ. ಗಾತ್ರ ದೊಡ್ಡದು, ಪ್ರತಿ ಇಡೋದು ಕಷ್ಟ ಅಂತ ಬಿಟ್ಟಿದ್ದರಂತೆ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದ ಕಥೆ ಇದು.

ಗುತ್ತಿಗೆದಾರರು ಇಲ್ಲೊಂದು ಮಾತು ಹೇಳ್ತಾರೆ: 'ರೇಡ್ ಅದರಿ, ಚಿಂತಿ ಬ್ಯಾಡ್ರಿ.' ರೇಡ್ ಅಂದ್ರೆ ಒಂದೇ ಪೆಟ್ಟಿಗೆಯಲ್ಲಿ ಹಲವು ಡಿಸ್ಕ್ ಜೋಡಿಸಿ, ಒಂದು ಕೆಟ್ಟರೆ ಉಳಿದವು ನಡೆಸುವ ಏರ್ಪಾಟು. ಬೇಕಾದದ್ದೇ. ಆದರೆ ತಪ್ಪಾಗಿ ಅಳಿಸಿದ್ದು ಎಲ್ಲ ಡಿಸ್ಕಿನಲ್ಲೂ ಅಳಿಯುತ್ತದೆ, ಬೆಂಕಿ ಪೂರ್ತಿ ಪೆಟ್ಟಿಗೆ ಸುಡುತ್ತದೆ. ರೇಡ್ ಬ್ಯಾಕಪ್ ಅಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಇದು ಬಲ್ಲವರ ನಿಯಮ. ಬೇರೆ ಊರು ಅಂದ್ರೆ ನಿಜವಾಗಿ ಬೇರೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲೂಕು ಎರಡೂ ಒಟ್ಟಿಗೇ ನೀರು ಕಂಡವು. ಇನ್ನು 2000ದ ಆಸುಪಾಸಿನ ಸಿಡಿಗಳು ಕಪಾಟಿನಲ್ಲಿ ಇವೆ ಅಂತ ನೆಚ್ಚಿಕೊಂಡವರು ಒಮ್ಮೆ ತೆಗೆದು ನೋಡಲಿ. ಸಿಡಿ ಓದುವ ಕಂಪ್ಯೂಟರೇ ಈಗ ಕಚೇರಿಯಲ್ಲಿ ಸಿಗೋದಿಲ್ಲ.

ಆಳಂದದ 6,018 ಅರ್ಜಿ

ದಾಖಲೆ ಕಳೆಯೋದು ಒಂದು ಭಯ. ಯಾರೋ ಸದ್ದಿಲ್ಲದೆ ತಿದ್ದೋದು ಇನ್ನೊಂದು. ಮತದಾರರ ಪಟ್ಟಿ ಚುನಾವಣಾ ಆಯೋಗದ್ದು, ಪುರಸಭೆಯದ್ದಲ್ಲ. ಆದರೂ ಆಳಂದದಲ್ಲಿ ನಡೆದದ್ದನ್ನು ಬಿಟ್ಟು ಈ ವಿಷಯ ಬರೆಯೋಕೆ ಆಗೋದಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ ಬಂದ ನಮೂನೆ-7 ಅರ್ಜಿ 6,018. ಪರಿಶೀಲಿಸಿದಾಗ ಸರಿ ಇದ್ದದ್ದು 24. ಉಳಿದ 5,994 ತಿರಸ್ಕಾರ ಆದವು, ಪೊಲೀಸ್ ದೂರು ದಾಖಲಾಯಿತು. ಹೆಸರು ಉಳಿದದ್ದು ಸ್ಥಳಕ್ಕೆ ಹೋಗಿ ನೋಡಿದ್ದರಿಂದ. ಮಾಡಿದವರು ಯಾರು ಅಂತ ಹುಡುಕುವಾಗ ತನಿಖಾಧಿಕಾರಿಗಳಿಗೆ ಬೇಕಾದದ್ದು ಲಾಗ್: ಯಾವ ಐಪಿ ವಿಳಾಸದಿಂದ, ಎಷ್ಟು ಗಂಟೆಗೆ, ಯಾವ ಮೊಬೈಲಿಗೆ ಒಟಿಪಿ ಹೋಯಿತು ಅನ್ನೋ ಜಾಡು.

ಪುರಸಭೆ ಖಾತೆಯಲ್ಲೂ ಅಷ್ಟೇ. ಹೆಸರು ಬದಲಾದರೆ ಯಾವ ಸಿಬ್ಬಂದಿಯ ಲಾಗಿನ್‌ನಿಂದ, ಯಾವ ದಿನ, ಮೊದಲು ಏನಿತ್ತು ಅನ್ನೋದು ಉಳಿದಿರಬೇಕು, ಅದನ್ನು ಯಾರೂ ಅಳಿಸೋಕೆ ಆಗಬಾರದು. ಭೂಮಿಯಲ್ಲಿ ಬೆರಳು ಒತ್ತಿಸಿದ್ದು ಇದಕ್ಕೇ. ಒಬ್ಬರ ಪಾಸ್‌ವರ್ಡ್ ಇಡೀ ಕಚೇರಿಗೆ ಗೊತ್ತಿದ್ದರೆ ಎಷ್ಟು ಕೋಟಿಯ ಸರ್ವರ್ ತಂದರೂ ಲಾಗ್ ಸುಳ್ಳು ಹೇಳುತ್ತದೆ.

ಈಗ ನೀವು ಮಾಡಬಹುದಾದದ್ದು. ಇ-ಖಾತಾ ಪ್ರತಿ ತೆಗೆಸಿ ಹೆಸರಿನ ಅಕ್ಷರ, ಅಳತೆ, ಚಕ್ಕುಬಂದಿ ಹಳೆ ಕಾಗದದ ಜೊತೆ ಹೋಲಿಸಿ ನೋಡಿ. ತಪ್ಪಿದ್ದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೆ ತೆರಿಗೆ ರಸೀದಿ ಸ್ಕ್ಯಾನ್ ಆಯ್ತು ಅಂತ ರದ್ದಿಗೆ ಹಾಕಬೇಡಿ.

ಇನ್ನು ಕಚೇರಿಯನ್ನು ಕೇಳಬೇಕಾದದ್ದು. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಸೆಕ್ಷನ್ ಪ್ರಕಾರ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಚ್ಚಿ, ಆಗುವಷ್ಟನ್ನು ಕಂಪ್ಯೂಟರಿಗೆ ಏರಿಸೋದು ಕಚೇರಿಯ ಕರ್ತವ್ಯ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಅರ್ಜಿಯಲ್ಲಿ 'ಬ್ಯಾಕಪ್ ಇದೆಯೇ' ಅಂತ ಕೇಳಿದರೆ 'ಇದೆ' ಅಂತ ಬರುತ್ತದೆ, ಕಥೆ ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ: 'ಬ್ಯಾಕಪ್‌ನಿಂದ ದಾಖಲೆಯನ್ನು ಮರಳಿ ತೆಗೆದು ಪರೀಕ್ಷಿಸಿದ ಕೊನೆಯ ದಿನಾಂಕ ಯಾವುದು? ಆ ಪರೀಕ್ಷೆಯ ವರದಿಯ ಪ್ರತಿ ಕೊಡಿ.'